ಮನೆ ಅಡವಿಡುವ ಮೊದಲು: ಚಿಮ್ಮಡದ ಸೀಮೆಯಿಂದ ಕರಾವಳಿಯ ಓದುಗರಿಗೆ

ನಮ್ಮ ಕರಾವಳಿಯ ಓದುಗರಲ್ಲಿ ಹೆಚ್ಚಿನವರಿಗೆ ಚಿಮ್ಮಡ ಎಂಬ ಹೆಸರು ಹೊಸದು. ಅದು ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ತಾಲ್ಲೂಕಿನ ಒಂದು ಗ್ರಾಮ. ಹೊಸ ತಾಲ್ಲೂಕು ಆಗುವವರೆಗೆ ಜಮಖಂಡಿ ತಾಲ್ಲೂಕಿಗೆ ಸೇರಿತ್ತು. ಸುತ್ತಲಿನ ಹೊಲಗಳಲ್ಲಿ ಕಬ್ಬು. ಹತ್ತಿರದ ರಬಕವಿ, ಬನಹಟ್ಟಿ, ಮಹಾಲಿಂಗಪುರ, ತೇರದಾಳಗಳಲ್ಲಿ ನೇಕಾರಿಕೆ. ನಮ್ಮ ಕರಾವಳಿಯಿಂದ ಹೋದ ಗುರುಗಳೂ ಧರ್ಮಭಗಿನಿಯರೂ ಉತ್ತರ ಕರ್ನಾಟಕದಲ್ಲಿ ದುಡಿಯುತ್ತಿರುವುದರಿಂದ ಆ ಕಡೆಯ ಸುದ್ದಿ ನಮಗೆ ಆಗಾಗ ಬರುತ್ತದೆ. ಬರುವ ಸುದ್ದಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಮಳೆ-ಬೆಳೆಯಷ್ಟೇ ಕೇಳಿಬರುವ ಇನ್ನೊಂದು ಮಾತು ಸಾಲದ್ದು. ಅದರಲ್ಲೂ ಮನೆಯ ಮೇಲಿನ ಸಾಲದ್ದು.

2025ರ ಜನವರಿಯಲ್ಲಿ ನೆರೆಯ ಬೆಳಗಾವಿ ಜಿಲ್ಲೆಯಲ್ಲಿ ಸಾಲದ ಬಾಕಿಗಾಗಿ ಮನೆಗೆ ಬೀಗ ಬಿದ್ದು, ಬಾಣಂತಿ ಮತ್ತು ಹಸುಗೂಸಿನೊಂದಿಗೆ ಒಂದು ಕುಟುಂಬ ಬೀದಿಯಲ್ಲಿ ನಿಂತ ಸುದ್ದಿ ರಾಜ್ಯವನ್ನೆಲ್ಲ ಕಲಕಿತು. ಮರುತಿಂಗಳೇ, ಫೆಬ್ರುವರಿ 12ರಂದು, ಕಿರು ಸಾಲ ವಸೂಲಿಯಲ್ಲಿ ಬಲಪ್ರಯೋಗ ತಡೆಯುವ ಸುಗ್ರೀವಾಜ್ಞೆ ಬಂತು. ಮುಂದೆ ಅದು ಕಾಯ್ದೆಯೂ ಆಯಿತು. ಹತ್ತು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿದೆ. "ಇನ್ನು ಹೆದರಬೇಕಾಗಿಲ್ಲವಲ್ಲ ಫಾದರ್?" ಎಂದು ಕೇಳಿದವರುಂಟು. ಹೆದರಬೇಕಾಗಿಲ್ಲ ಎಂದು ಹೇಳುವ ಧೈರ್ಯ ನಮಗಿಲ್ಲ. ಏಕೆಂದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕುಗಳನ್ನೂ ಹಣಕಾಸು ಕಂಪನಿಗಳನ್ನೂ ಆ ಕಾನೂನು ಹೊರಗಿಟ್ಟಿದೆ. ಮನೆ ಪತ್ರ ಇಟ್ಟು ಪಡೆದ ಸಾಲ ಹೆಚ್ಚಾಗಿ ಅಂಥವರದ್ದೇ. ಅದಕ್ಕೆ ಬೇರೆ ಕಾನೂನು, ಬೇರೆ ದಾರಿ. ಆ ದಾರಿಯನ್ನು ಸಾಲ ಪಡೆಯುವ ಮೊದಲೇ ತಿಳಿದಿರಬೇಕು ಎಂಬುದಕ್ಕಾಗಿಯೇ ಈ ಲೇಖನ.

ಬೀಸುವ ಕಲ್ಲು ಮತ್ತು ಮಗ್ಗ

ಬನಹಟ್ಟಿಯ ಓಣಿಗಳಲ್ಲಿ ನಡೆದವರಿಗೆ ಗೊತ್ತು, ಅಲ್ಲಿ ಮನೆ ಎಂದರೆ ಬರಿಯ ಮನೆಯಲ್ಲ. ಮುಂದಿನ ಪಡಸಾಲೆಯಲ್ಲಿ ಮಗ್ಗ, ಹಿಂದೆ ಅಡುಗೆ, ಅಟ್ಟದಲ್ಲಿ ನೂಲು. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದರೂ ಒಂದೇ ಸೂರಿನಡಿ ಬಾಳುವುದೂ ದುಡಿಯುವುದೂ ನಿಂತಿಲ್ಲ. ಮಂಗಳೂರಿನಲ್ಲಿ ಒಬ್ಬರ ಮನೆಗೆ ಬೀಗ ಬಿದ್ದರೆ ಅವರು ಬಾಡಿಗೆ ಮನೆ ಹುಡುಕಿಕೊಂಡು ಮರುದಿನ ಕೆಲಸಕ್ಕೆ ಹೋಗಬಹುದು. ನೇಕಾರನ ಮನೆಗೆ ಬೀಗ ಬಿದ್ದರೆ ಅಂದೇ ದುಡಿಮೆಯೂ ನಿಂತಿತು. ಸಾಲ ತೀರಿಸುವ ದಾರಿಗೇ ಬೀಗ ಬಿದ್ದ ಹಾಗೆ.

ಈ ಸಂಗತಿ ಪವಿತ್ರ ಗ್ರಂಥಕ್ಕೆ ಹೊಸದಲ್ಲ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಬೀಸುವ ಕಲ್ಲನ್ನು ಅಡವಾಗಿ ತೆಗೆದುಕೊಳ್ಳಬಾರದು ಎನ್ನುತ್ತದೆ. ಹಾಗೆ ಮಾಡುವುದು ಮನುಷ್ಯನ ಜೀವವನ್ನೇ ಅಡವು ಹಿಡಿದಂತೆ ಎಂಬುದು ಅಲ್ಲಿನ ಕಾರಣ. ಅದೇ ಅಧ್ಯಾಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸಾಲ ಕೊಟ್ಟವನು ಒತ್ತೆಯ ವಸ್ತುವಿಗಾಗಿ ಸಾಲಗಾರನ ಮನೆಯೊಳಗೆ ಕಾಲಿಡಬಾರದು, ಹೊರಗೇ ನಿಲ್ಲಬೇಕು. ಯಾಜಕಕಾಂಡ 25ರಲ್ಲಿ, ಗೋಡೆ ಸುತ್ತಿದ ಪಟ್ಟಣದ ಮನೆ ಮಾರಿದವನಿಗೆ ಅದನ್ನು ಬಿಡಿಸಿಕೊಳ್ಳಲು ಪೂರ್ತಿ ಒಂದು ವರ್ಷದ ಅವಕಾಶ. ಗೋಡೆಯಿಲ್ಲದ ಹಳ್ಳಿಯ ಮನೆಗಾದರೆ ಹೊಲದಂತೆಯೇ ಲೆಕ್ಕ, ಬಿಡಿಸಿಕೊಳ್ಳುವ ಹಕ್ಕಿಗೆ ಆ ಗಡುವಿಲ್ಲ. ಹಳ್ಳಿಯವನಿಗೆ ಮನೆ ಮತ್ತು ಹೊಲ ಎರಡೂ ಒಂದೇ ಬದುಕು ಎಂಬುದನ್ನು ಆ ಕಾಲದವರು ಅರಿತಿದ್ದರು.

ನಮ್ಮ ದೇಶದ ಕಾನೂನಿಗೂ ಈ ಅರಿವು ಇಲ್ಲದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ನೋಡಿ. ಕುಶಲಕರ್ಮಿಯ ಉಪಕರಣಗಳು, ರೈತನ ನೇಗಿಲು ಮತ್ತು ಎತ್ತು, ರೈತ ಅಥವಾ ಕೂಲಿಕಾರ ತಾನೇ ವಾಸಿಸುವ ಮನೆ, ಇವುಗಳನ್ನು ನ್ಯಾಯಾಲಯದ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ. ಬೀಸುವ ಕಲ್ಲಿನ ನಿಯಮವೇ ಬೇರೆ ಮಾತುಗಳಲ್ಲಿ ಇಲ್ಲಿ ಬಂದಂತಿದೆ. ಆದರೆ ಓದುಗರು ಗಮನಿಸಬೇಕಾದ ಮುಖ್ಯ ವಿಷಯ ಮುಂದಿದೆ. ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆಯೇ ಅಡವಿನ ಆಸ್ತಿಯನ್ನು ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಈ 60ನೇ ಕಲಮಿನ ರಕ್ಷಣೆಯನ್ನು ಒಪ್ಪಿಕೊಳ್ಳುತ್ತದೆ; ಆದರೆ ಸಾಲಕ್ಕೆಂದೇ ಅಡವಿಟ್ಟ ಆಸ್ತಿಗೆ ಆ ರಕ್ಷಣೆ ಇಲ್ಲ ಎನ್ನುತ್ತದೆ. ಎಂದರೆ, ಬೀಸುವ ಕಲ್ಲನ್ನು ಇನ್ನೊಬ್ಬರು ಕಿತ್ತುಕೊಳ್ಳದಂತೆ ಕಾನೂನು ಕಾಯುತ್ತದೆ, ನಾವೇ ಸಹಿ ಹಾಕಿ ಒಪ್ಪಿಸುವವರೆಗೆ ಮಾತ್ರ. ಸಹಿ ಹಾಕಿದ ದಿನ ಕಾವಲು ಮುಗಿಯಿತು.

ಅದೇ ಕಾಯ್ದೆ ಕೃಷಿ ಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಚಿಮ್ಮಡದ ರೈತ ಕಬ್ಬಿನ ಹೊಲವನ್ನು ಬ್ಯಾಂಕಿಗೆ ಬರೆದುಕೊಟ್ಟಿದ್ದರೆ ಬ್ಯಾಂಕು ಈ ಕಾಯ್ದೆಯಡಿ ಆ ಹೊಲಕ್ಕೆ ಕೈ ಹಾಕುವಂತಿಲ್ಲ. ಅದೇ ರೈತ ಊರೊಳಗಿನ ಮನೆ ಬರೆದುಕೊಟ್ಟಿದ್ದರೆ ಹಾಕಬಹುದು. ಹೊಲ ಹೋಗುವುದಿಲ್ಲ, ಮನೆ ಹೋಗುತ್ತದೆ! ಇದು ಅನೇಕರಿಗೆ ತಿಳಿದಿಲ್ಲ.

ಅಮೆರಿಕದಲ್ಲಿ ಆದದ್ದೇನು?

"ಹೌಸಿಂಗ್ ಕುಸಿತ" ಎಂದರೆ ನಮಗೆ ನೆನಪಾಗುವುದು 2008. ಆ ವರ್ಷ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ದಿವಾಳಿ ಎದ್ದಿತು. ಅದಕ್ಕೆ ಒಂದು ವಾರ ಮೊದಲು ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ಎರಡು ದೈತ್ಯ ಗೃಹಸಾಲ ಸಂಸ್ಥೆಗಳನ್ನು ಅಮೆರಿಕ ಸರ್ಕಾರವೇ ಕೈಗೆತ್ತಿಕೊಳ್ಳಬೇಕಾಯಿತು. ಆದರೆ ರೋಗ ಹುಟ್ಟಿದ್ದು ಅದಕ್ಕಿಂತ ಮೊದಲು, ಸಾಮಾನ್ಯ ಮನೆಗಳಲ್ಲಿ. ಸರಿಯಾದ ಆದಾಯದ ದಾಖಲೆ ಇಲ್ಲದವರಿಗೂ ಸಾಲ ಕೊಟ್ಟರು. ಮೊದಲ ಎರಡು ವರ್ಷ ಕಡಿಮೆ ಬಡ್ಡಿ, ಆಮೇಲೆ ಏರುವ ಬಡ್ಡಿ. ಕೊಟ್ಟ ಸಾಲದ ಪತ್ರಗಳನ್ನು ಕಟ್ಟು ಕಟ್ಟಿ ಪ್ರಪಂಚದ ಬೇರೆ ಬೇರೆ ಬ್ಯಾಂಕುಗಳಿಗೆ ಮಾರಿದರು. ಸಾಲ ಕೊಟ್ಟವನಿಗೆ ಅದು ಮರಳಿ ಬರುತ್ತದೆಯೋ ಇಲ್ಲವೋ ಎಂಬ ಚಿಂತೆಯೇ ಉಳಿಯಲಿಲ್ಲ. ಸಾಲಗಾರನ ಸಂಬಳ ನೋಡುವ ಬದಲು ಮನೆಯ ಬೆಲೆ ನೋಡಿದರು. ಬೆಲೆ ಏರುತ್ತಲೇ ಇರುತ್ತದೆ, ಕಟ್ಟದಿದ್ದರೆ ಮನೆ ಮಾರಿದರಾಯಿತು ಎಂಬ ಲೆಕ್ಕ. 2006ರಲ್ಲಿ ಶಿಖರ ಮುಟ್ಟಿದ ಮನೆ ಬೆಲೆ 2012ರ ಹೊತ್ತಿಗೆ ದೇಶದ ಸರಾಸರಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು. ಲಾಸ್ ವೇಗಾಸ್‌ನಂಥ ನಗರಗಳಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತು. ಮನೆಯ ಬೆಲೆಗಿಂತ ಸಾಲವೇ ದೊಡ್ಡದಾದಾಗ ಜನ ಕೀಲಿಕೈ ಬ್ಯಾಂಕಿಗೆ ಕಳುಹಿಸಿ ಹೊರಟುಹೋದದ್ದೂ ಉಂಟು.

ನಮ್ಮ ಕರಾವಳಿಗೆ ಈ ಬಿಸಿ ತಟ್ಟಿದ್ದು ದುಬೈ ಮೂಲಕ. 2008ರ ಕೊನೆಯಿಂದ ಅಲ್ಲಿ ಕಟ್ಟಡ ಕೆಲಸ ನಿಂತಿತು, ಮನೆಗಳ ಬೆಲೆ ಹಲವೆಡೆ ಅರ್ಧಕ್ಕೆ ಇಳಿಯಿತು, 2009ರ ನವೆಂಬರಿನಲ್ಲಿ ದುಬೈ ವರ್ಲ್ಡ್ ಸಂಸ್ಥೆಯೇ ಸಾಲ ಕಟ್ಟಲು ಕಾಲಾವಕಾಶ ಕೇಳಿತು. ಊರಿನಲ್ಲಿ ಫ್ಲ್ಯಾಟಿಗೆ ಕಂತು ಕಟ್ಟುತ್ತಿದ್ದ ಎಷ್ಟೋ ಮಂದಿ ಕೆಲಸ ಕಳೆದುಕೊಂಡು ಮರಳಿದರು. ಆ ವರ್ಷಗಳಲ್ಲಿ ಧರ್ಮಕೇಂದ್ರಗಳಲ್ಲಿದ್ದ ಗುರುಗಳಿಗೆ ಇದನ್ನು ನೆನಪಿಸಬೇಕಾಗಿಲ್ಲ. 2009ರ ಜೂನ್‌ನಲ್ಲಿ ಜಗದ್ಗುರು ಹದಿನಾರನೇ ಬೆನೆಡಿಕ್ಟರು ಹೊರಡಿಸಿದ 'ಕಾರಿತಾಸ್ ಇನ್ ವೆರಿತಾತೆ' ವಿಶ್ವಪತ್ರದಲ್ಲಿ ಬಡ ಸಾಲಗಾರರನ್ನು ದುರ್ಬಡ್ಡಿಯಿಂದ ಕಾಪಾಡುವ ಮಾತು ಬಂದದ್ದು ಈ ಹಿನ್ನೆಲೆಯಲ್ಲಿ.

ಭಾರತ ಅಂಥ ಕುಸಿತದಿಂದ ಪಾರಾಯಿತು. ಅದೃಷ್ಟವೊಂದೇ ಕಾರಣವಲ್ಲ. ಬೆಲೆಗಳು ಏರುತ್ತಿದ್ದಾಗಲೇ, 2004ರ ಡಿಸೆಂಬರಿನಲ್ಲಿ, ಗೃಹಸಾಲ ಕೊಡುವ ಬ್ಯಾಂಕುಗಳು ಹೆಚ್ಚು ಬಂಡವಾಳ ಇಟ್ಟುಕೊಳ್ಳುವಂತೆ ರಿಸರ್ವ್ ಬ್ಯಾಂಕ್ ಕಟ್ಟುನಿಟ್ಟು ಮಾಡಿತ್ತು. 2009ರಲ್ಲಿ ಸ್ಟೇಟ್ ಬ್ಯಾಂಕ್ ಮೊದಲ ವರ್ಷ ಶೇ. 8ರ ಬಡ್ಡಿಯ ಸಾಲ ತಂದಾಗ ಅಂಥ ಆರಂಭದ ಆಮಿಷದ ಸಾಲಗಳ ಮೇಲೆ ರಿಸರ್ವ್ ಬ್ಯಾಂಕ್ 2010ರಲ್ಲಿ ಹೆಚ್ಚಿನ ಮೀಸಲು ಹೇರಿತು. ಮನೆಯ ಪೂರ್ತಿ ಬೆಲೆಗೆ ಸಾಲ ಕೊಡಬಾರದೆಂಬ ಮಿತಿಯೂ ಆಗಲೇ ಬಂತು.

ಆದರೆ ದೇಶ ಪಾರಾಯಿತು ಎಂದರೆ ಎಲ್ಲ ಮನೆಗಳೂ ಪಾರಾದವು ಎಂದಲ್ಲ. ಸಂಬಳದ ಚೀಟಿ ಇದ್ದವನಿಗೆ ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಯ ಸಾಲ. ನೇಕಾರನಿಗೆ, ಕಬ್ಬು ಬೆಳೆಯುವವನಿಗೆ ಸಂಬಳದ ಚೀಟಿ ಎಲ್ಲಿದೆ? ಅವರ ಆದಾಯ ತೂಗುವುದು ಕಷ್ಟ. ಹಾಗಾಗಿ ಮನೆಯನ್ನು ತೂಗುತ್ತಾರೆ. ಅಮೆರಿಕದಲ್ಲಿ ಆದ ತಪ್ಪೇ ಇದು. ಅಲ್ಲಿ ಅದು ಬ್ಯಾಂಕುಗಳನ್ನು ಕೆಡವಿತು, ಇಲ್ಲಿ ಸದ್ದಿಲ್ಲದೆ ಒಂದೊಂದೇ ಮನೆಯನ್ನು ಕೆಡವುತ್ತದೆ. ಪತ್ರಿಕೆಯ ಒಳಪುಟದ ಹರಾಜು ಪ್ರಕಟಣೆಗಳನ್ನು ಯಾರು ಓದುತ್ತಾರೆ?

ಆ ಸೀಮೆಯ ಆದಾಯ ಎಷ್ಟು ಅಲುಗಾಡಿದೆ ನೋಡಿ. 2016ರ ನವೆಂಬರಿನಲ್ಲಿ ನೋಟು ರದ್ದು, ಕೂಲಿ ಬಟವಾಡೆಗೇ ನಗದಿಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಯರ ಮಹಾಪೂರ. ಜಮಖಂಡಿ, ಮುಧೋಳ ಕಡೆಯ ಊರುಗಳಿಗೆ ನೀರು ನುಗ್ಗಿತು. ಮರುವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್, ಸೀರೆ ಕೊಳ್ಳುವ ಮದುವೆ ಸುಗ್ಗಿಯೇ ಹೋಯಿತು. ನಾಲ್ಕು ವರ್ಷಗಳಲ್ಲಿ ನಾಲ್ಕು ಪೆಟ್ಟು. ಕಬ್ಬಿನ ಬಿಲ್ಲು ಹದಿನಾಲ್ಕು ದಿನದಲ್ಲಿ ಕೊಡಬೇಕೆಂದು 1966ರ ಆದೇಶ ಹೇಳುತ್ತದೆ. ಬಾಕಿಗಾಗಿ ಧರಣಿ ಕೂರುವುದು ಆ ಭಾಗದ ರೈತರಿಗೆ ವಾಡಿಕೆಯೇ ಆಗಿದೆ. ಹಣ ಬರುವುದು ಸುಗ್ಗಿಗೊಮ್ಮೆ, ಕಂತು ಮಾತ್ರ ತಿಂಗಳಿಗೊಮ್ಮೆ. ರಾಜ್ಯ ಸರ್ಕಾರ 2018ರಲ್ಲಿ ರೈತರ ಬೆಳೆಸಾಲವನ್ನೂ 2019ರಲ್ಲಿ ನೇಕಾರರ ಸಾಲವನ್ನೂ ಮಿತಿಯೊಳಗೆ ಮನ್ನಾ ಮಾಡಿದ್ದು ನಿಜ. ಮನೆ ಪತ್ರ ಇಟ್ಟು ಖಾಸಗಿ ಹಣಕಾಸು ಕಂಪನಿಯಲ್ಲಿ ಪಡೆದ ಸಾಲಕ್ಕೆ ಅದು ಅನ್ವಯಿಸಲಿಲ್ಲ.

ಕಂತಿನೊಳಗೆ ಏನಿದೆ

ಸ್ವಲ್ಪ ಲೆಕ್ಕ ಮಾಡೋಣ. ಹತ್ತು ಲಕ್ಷ ರೂಪಾಯಿ ಸಾಲ, 20 ವರ್ಷ, ಶೇ. 9 ಬಡ್ಡಿ. ತಿಂಗಳ ಕಂತು ಸುಮಾರು 8,997 ರೂಪಾಯಿ. ಮೊದಲ ಕಂತಿನಲ್ಲಿ 7,500 ಬಡ್ಡಿಗೆ, 1,497 ಮಾತ್ರ ಅಸಲಿಗೆ. ಐದು ವರ್ಷ ತಪ್ಪದೆ ಕಟ್ಟಿದರೆ ಕೈಯಿಂದ ಹೋದದ್ದು 5 ಲಕ್ಷ 40 ಸಾವಿರದಷ್ಟು. ಅಸಲು ಕರಗಿದ್ದು ಸುಮಾರು 1 ಲಕ್ಷ 13 ಸಾವಿರ. "ಐದು ವರ್ಷ ಕಟ್ಟಿದ್ದೇನೆ, ಇನ್ನೂ ಎಂಟು ಲಕ್ಷ ಎಂಬತ್ತೇಳು ಸಾವಿರ ಬಾಕಿ ಎನ್ನುತ್ತಾರೆ, ಮೋಸ ಮಾಡಿದ್ದಾರೆ" ಎಂದು ಸಿಟ್ಟಾಗಿ ಬರುವವರಿದ್ದಾರೆ. ಮೋಸವಲ್ಲ, ಕಂತಿನ ಸ್ವಭಾವವೇ ಹಾಗೆ. ಬಡ್ಡಿ ಶೇ. 14 ಆದರೆ ಅದೇ ಸಾಲಕ್ಕೆ ಕಂತು 12,435. ಇಪ್ಪತ್ತು ವರ್ಷದಲ್ಲಿ ಕಟ್ಟುವುದು ಸುಮಾರು 30 ಲಕ್ಷ. ಶೇ. 18 ಆದರೆ 37 ಲಕ್ಷ. ಬಡ್ಡಿಯಲ್ಲಿ ಸಣ್ಣದಾಗಿ ಕಾಣುವ ಅಂತರ ಒಂದು ಬದುಕಿನ ದುಡಿಮೆಯನ್ನೇ ನುಂಗುತ್ತದೆ.

ಬದಲಾಗುವ ಬಡ್ಡಿಯ ಸಾಲದಲ್ಲಿ ಇನ್ನೊಂದು ಅಪಾಯ. 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತು. ಶೇ. 7ರ ಸಾಲ 9.5 ಆಯಿತು. ಹತ್ತು ಲಕ್ಷಕ್ಕೆ 20 ವರ್ಷದ ಹಳೆಯ ಕಂತು 7,753. ಹೊಸ ದರದಲ್ಲಿ ಹತ್ತು ಲಕ್ಷಕ್ಕೆ ಬಡ್ಡಿಯೇ ತಿಂಗಳಿಗೆ 7,900 ದಾಟುತ್ತದೆ! ಕಂತು ಹಾಗೆಯೇ ಇಟ್ಟು ಅವಧಿ ಮಾತ್ರ ಉದ್ದ ಮಾಡುತ್ತಾ ಹೋದರೆ ಆ ಸಾಲ ಎಂದೆಂದಿಗೂ ತೀರದು. ಬ್ಯಾಂಕುಗಳು ಹಾಗೆ ಮಾಡಬಾರದು, ಕಂತು ಏರಿಸಬೇಕೋ ಅವಧಿ ಬೆಳೆಸಬೇಕೋ ಎಂದು ಸಾಲಗಾರನನ್ನು ಕೇಳಬೇಕು ಎಂದು 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿದೆ. 2025ರಲ್ಲಿ ರೆಪೊ ಇಳಿಯಿತು. ನಿಮ್ಮ ಸಾಲದಲ್ಲಿ ಆ ಇಳಿಕೆ ಬಂದಿದೆಯೇ? ಕೇಳಿದವರಿಗೆ ಮಾತ್ರ ಉತ್ತರ ಸಿಗುವ ಪ್ರಶ್ನೆ ಇದು.

2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ 'ಪ್ರಮುಖ ಅಂಶಗಳ ಹೇಳಿಕೆ' ಎಂಬ ಕಾಗದ ಕೊಡುವುದು ಕಡ್ಡಾಯ. ಬಡ್ಡಿಯ ಜೊತೆಗೆ ಎಲ್ಲ ಶುಲ್ಕ, ವಿಮೆ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಶೇಕಡಾ ಬೀಳುತ್ತದೆ ಎಂಬುದು ಅದರಲ್ಲಿರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಿ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಚಿಮ್ಮಡದಲ್ಲಾದರೂ ಚಿಕ್ಕಮಗಳೂರಿನಲ್ಲಾದರೂ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಉದ್ಧಟತನವಲ್ಲ, ಹಕ್ಕು.

ಸಾಲಕ್ಕೆ ಖರೀದಿ ಪತ್ರ

ಎಲ್ಲಕ್ಕಿಂತ ಹೆಚ್ಚು ಮನೆಗಳು ಹೋಗುವುದು ಬ್ಯಾಂಕಿನ ಬಾಗಿಲಲ್ಲಿ ಅಲ್ಲ ಎಂದು ನಮಗೆ ಅನಿಸುತ್ತದೆ. ಆ ಕಡೆ ಸಾವಕಾರನ ಕೈಗಡ ಎಂದರೆ ನೂರಕ್ಕೆ ಮೂರು, ಕೆಲವೊಮ್ಮೆ ಐದು, ಅದೂ ತಿಂಗಳಿಗೆ. ನೂರಕ್ಕೆ ಮೂರು ಎಂದರೆ ವರ್ಷಕ್ಕೆ 36. ನೆಹೆಮೀಯನ ಗ್ರಂಥದ 5ನೇ ಅಧ್ಯಾಯದಲ್ಲಿ ಬರಗಾಲದ ಜನ ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟು ಗೋಳಾಡಿದಾಗ ಆತ ಧನಿಕರನ್ನು ನಿಲ್ಲಿಸಿ, ಮನೆಗಳ ಜೊತೆ ನೂರಕ್ಕೊಂದರ ಬಡ್ಡಿಯನ್ನೂ ಮರಳಿಸಿರಿ ಎಂದು ಕಟ್ಟಪ್ಪಣೆ ಮಾಡಿದ. ಅದು ತಿಂಗಳ ಬಡ್ಡಿ ಎಂದು ಹಲವು ವ್ಯಾಖ್ಯಾನಕಾರರು ಹೇಳುತ್ತಾರೆ. ನೂರಕ್ಕೊಂದಕ್ಕೇ ನೆಹೆಮೀಯ ಸಿಡಿದೆದ್ದಿದ್ದ.

ಅಪಾಯ ಇರುವುದು ಬಡ್ಡಿಗಿಂತ ಕಾಗದದಲ್ಲಿ. ಸಾಲ ಕೊಡುವವನು ಅಡವು ಪತ್ರ ಬರೆಸುವ ಬದಲು ನೋಂದಣಿ ಕಚೇರಿಗೆ ಕರೆದೊಯ್ದು ಖರೀದಿ ಪತ್ರವನ್ನೇ ಮಾಡಿಸಿಕೊಳ್ಳುತ್ತಾನೆ. "ಹಣ ಕೊಟ್ಟ ದಿನ ತಿರುಗಿ ನಿನ್ನ ಹೆಸರಿಗೆ ಬರೆದುಕೊಡುತ್ತೇನೆ" ಎಂಬುದು ಬಾಯಿಮಾತು. ಕೆಲವರು ಒಂದು ಬಾಂಡ್ ಕಾಗದದಲ್ಲಿ ಬೇರೆಯಾಗಿ ಬರೆದುಕೊಡುವುದೂ ಉಂಟು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿನಲ್ಲಿ ಷರತ್ತಿನ ಕ್ರಯವನ್ನೂ ಅಡವು ಎಂದು ಒಪ್ಪಿದ್ದಾರೆ. ಆದರೆ 1929ರಲ್ಲಿ ಸೇರಿಸಿದ ಒಂದು ಮಾತಿದೆ: ತಿರುಗಿ ಕೊಡುವ ಷರತ್ತು ಅದೇ ಖರೀದಿ ಪತ್ರದ ಒಳಗೇ ಬರೆದಿರಬೇಕು. ಬೇರೆ ಕಾಗದದಲ್ಲಿದ್ದರೆ ಅದು ಅಡವು ಎನಿಸುವುದಿಲ್ಲ, ಕ್ರಯ ಎನಿಸುತ್ತದೆ. ಇದು ಸಾಲವೇ ಆಗಿತ್ತು ಎಂದು ಆಮೇಲೆ ನ್ಯಾಯಾಲಯದಲ್ಲಿ ರುಜುವಾತು ಮಾಡುವುದು ವರ್ಷಗಟ್ಟಲೆಯ ಕೆಲಸ, ಗೆಲುವು ಖಾತ್ರಿಯಿಲ್ಲ.

ಅಡವು ಎಂದು ಬರೆದಿದ್ದರೆ ಸ್ಥಿತಿಯೇ ಬೇರೆ. ಅದೇ ಕಾಯ್ದೆಯ 60ನೇ ಕಲಮು ಹಣ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆ. "ಇಂಥ ದಿನದೊಳಗೆ ಕೊಡದಿದ್ದರೆ ಮನೆ ನನ್ನದು" ಎಂದು ಬರೆಸಿಕೊಂಡರೂ ಆ ಹಕ್ಕು ಸಾಯುವುದಿಲ್ಲ. ಬಿಡಿಸಿಕೊಳ್ಳುವ ದಾವೆಗೆ ಕಾಲಮಿತಿ 30 ವರ್ಷ. ಭೋಗ್ಯಕ್ಕೆ ಕೊಟ್ಟ ಮನೆಗಾದರೆ, ಸಾಲ ತೀರುವವರೆಗೆ ಆ ಮಿತಿಯೂ ಓಡಲಾರಂಭಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿದೆ. ಅಡವು ಪತ್ರ ಮತ್ತು ಖರೀದಿ ಪತ್ರ ನೋಡಲು ಒಂದೇ ಥರದ ಛಾಪಾ ಕಾಗದ. ಒಂದರಲ್ಲಿ ಮನೆ ಬಿಡಿಸಿಕೊಳ್ಳುವ ದಾರಿ ಇದೆ, ಇನ್ನೊಂದರಲ್ಲಿ ಇಲ್ಲ. ಅವಸರದಲ್ಲಿ, ಮಗಳ ಮದುವೆ ಮುಂದಿಟ್ಟುಕೊಂಡು, ಅಥವಾ ಆಸ್ಪತ್ರೆಯ ಹೊರಗೆ ನಿಂತು ಯಾರೂ ಈ ವ್ಯತ್ಯಾಸ ಕೇಳುವುದಿಲ್ಲ. ಬರೆಯುವವನಿಗೆ ಮಾತ್ರ ಚೆನ್ನಾಗಿ ಗೊತ್ತಿರುತ್ತದೆ.

ಕಂತು ತಪ್ಪಿದಾಗ

ಒಂದು ಕಂತು ತಪ್ಪಿದ ಮಾತ್ರಕ್ಕೆ ಮನೆಗೆ ಬೀಗ ಬೀಳುವುದಿಲ್ಲ. 90 ದಿನ ಬಾಕಿ ಉಳಿದರೆ ಬ್ಯಾಂಕು ಅದನ್ನು ವಸೂಲಾಗದ ಸಾಲವೆಂದು ಗುರುತಿಸುತ್ತದೆ. ಆಮೇಲೆ ಸರ್ಫೇಸಿ ಕಾಯ್ದೆಯ 13(2) ನೋಟಿಸು. ಪೂರ್ತಿ ಬಾಕಿ ಕಟ್ಟಲು 60 ದಿನ. ಈ ನೋಟಿಸನ್ನು ಹಿಂದಕ್ಕೆ ಕಳುಹಿಸುವುದು, ಪೋಸ್ಟ್‌ಮ್ಯಾನ್ ಬಂದಾಗ ಮನೆಯಲ್ಲಿಲ್ಲ ಎನ್ನುವುದು ದೊಡ್ಡ ತಪ್ಪು. ಈ ಅವಧಿಯಲ್ಲೇ ಸಾಲಗಾರ ತನ್ನ ತಕರಾರನ್ನು ಬರಹದಲ್ಲಿ ಕೊಡಬಹುದು. 15 ದಿನದೊಳಗೆ ಬ್ಯಾಂಕು ಕಾರಣ ಸಹಿತ ಉತ್ತರಿಸಲೇಬೇಕು. ಉತ್ತರ ಬಾರದಿದ್ದರೆ ಮುಂದೆ ಅದೇ ನಿಮ್ಮ ಕೈಯ ಆಯುಧ.

60 ದಿನ ಕಳೆದರೆ ಸ್ವಾಧೀನ. ಅದರ ಪ್ರಕಟಣೆ ಎರಡು ಪತ್ರಿಕೆಗಳಲ್ಲಿ, ಒಂದು ಸ್ಥಳೀಯ ಭಾಷೆಯಲ್ಲಿ ಬರಬೇಕು. ಬ್ಯಾಂಕಿನ ಕ್ರಮ ತಪ್ಪು ಎನಿಸಿದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಅದು ಇರುವುದು ಬೆಂಗಳೂರಿನಲ್ಲಿ, ಚಿಮ್ಮಡದಿಂದ ಐನೂರು ಕಿಲೋಮೀಟರಿಗೂ ದೂರ. ಊರ ನ್ಯಾಯಾಲಯದಲ್ಲಿ ತಡೆಯಾಜ್ಞೆ ತರುತ್ತೇವೆ ಎಂದು ಹಣ ಕೇಳುವವರನ್ನು ನಂಬಿ ಆ 45 ದಿನ ಕಳೆದುಕೊಂಡವರ ಬಗ್ಗೆ ಮರುಕವಾಗುತ್ತದೆ. ಈ ವಿಷಯಗಳಲ್ಲಿ ಸಿವಿಲ್ ನ್ಯಾಯಾಲಯಕ್ಕೆ ಸಾಮಾನ್ಯವಾಗಿ ಅಧಿಕಾರವಿಲ್ಲ. ಹರಾಜಿಗೆ ಮೊದಲು 30 ದಿನದ ನೋಟಿಸು ಕೊಡಬೇಕು. 2016ರ ತಿದ್ದುಪಡಿಯ ನಂತರ, ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಅವಕಾಶ ಇರುವುದು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ. ಹರಾಜಿನ ದಿನದವರೆಗೆ ಅಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು.

ಎಲ್ಲ ಸಾಲಕ್ಕೂ ಈ ಕಾಯ್ದೆಯ ಬಲವಿಲ್ಲ ಎಂಬುದೂ ತಿಳಿದಿರಲಿ. ಗೃಹಸಾಲ ಕಂಪನಿ ಅಲ್ಲದ ಇತರ ಬ್ಯಾಂಕೇತರ ಹಣಕಾಸು ಕಂಪನಿಗಳು 20 ಲಕ್ಷಕ್ಕಿಂತ ಕಡಿಮೆ ಸಾಲಕ್ಕೆ ಇದನ್ನು ಬಳಸುವಂತಿಲ್ಲ; ನ್ಯಾಯಾಲಯ ಅಥವಾ ಪಂಚಾಯ್ತಿದಾರರ ದಾರಿಯನ್ನೇ ಹಿಡಿಯಬೇಕು. ಬಾಕಿ ಅಸಲು-ಬಡ್ಡಿಯ ಶೇ. 20ಕ್ಕಿಂತ ಕಡಿಮೆ ಉಳಿದಿದ್ದರೂ ಇದು ಅನ್ವಯಿಸದು. ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುತ್ತದೆ ಎಂದು 2020ರ ಮೇಯಲ್ಲಿ ತೀರ್ಮಾನವಾಯಿತು. ಆ ಪ್ರಕರಣ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಮುರಗೂಡಿನ ಒಂದು ಸಹಕಾರಿ ಬ್ಯಾಂಕಿನದು. ಯಾವುದೇ ಕಾಯ್ದೆಯಿರಲಿ, ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಿ ಪೀಡಿಸುವಂತಿಲ್ಲ.

ಅಮೆರಿಕದ ಕೆಲವು ರಾಜ್ಯಗಳಲ್ಲಿ ಮನೆ ಬಿಟ್ಟುಕೊಟ್ಟರೆ ಸಾಲವೂ ಮುಗಿದಂತೆ. ನಮ್ಮಲ್ಲಿ ಹಾಗಿಲ್ಲ. ಹರಾಜಿನಲ್ಲಿ ಬಂದ ಹಣ ಸಾಲಕ್ಕೆ ಸಾಲದಿದ್ದರೆ ಉಳಿದದ್ದನ್ನೂ ಕೇಳುತ್ತಾರೆ, ಜಾಮೀನು ಹಾಕಿದವನನ್ನೂ ಹಿಡಿಯುತ್ತಾರೆ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಪೂಜೆ ಮುಗಿಸಿ ಹೊರಬರುವಾಗ ಸ್ನೇಹದಲ್ಲಿ ಸಹಿ ಹಾಕಿಕೊಟ್ಟವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿ! ಜ್ಞಾನೋಕ್ತಿಗಳ ಗ್ರಂಥ ಹೊಣೆ ನಿಲ್ಲುವುದರ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದ್ದು ಸುಮ್ಮನೆ ಅಲ್ಲ. ಇನ್ನೊಂದು ಮಾತು: ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಬಂದರೆ ಉಳಿಕೆ ಮನೆಯವನಿಗೆ ಸೇರಬೇಕು. ನಾಚಿಕೆಯಿಂದ ಅದನ್ನು ಕೇಳದೇ ಬಿಡುವುದು ಬೇಡ.

ಹಣವಿಲ್ಲದವರು ವಕೀಲರನ್ನು ಎಲ್ಲಿಂದ ತರಬೇಕು? ಜಮಖಂಡಿ, ಮುಧೋಳಗಳಲ್ಲಿಯೂ ನಮ್ಮ ತಾಲ್ಲೂಕುಗಳಲ್ಲಿಯೂ ಕಾನೂನು ಸೇವಾ ಸಮಿತಿಗಳಿವೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆಯೇ ಉಚಿತ ನೆರವು, ದೂರವಾಣಿ 15100. ಬ್ಯಾಂಕಿನ ವಿರುದ್ಧ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448.

ಸಹಕಾರದ ದಾರಿಯನ್ನೂ ನಾವು ಮರೆಯಬಾರದು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ್ದು, 1912ರಲ್ಲಿ ಮಂಗಳೂರಿನಲ್ಲಿ ಕಥೋಲಿಕರು ತಮ್ಮ ಸಹಕಾರಿ ಬ್ಯಾಂಕನ್ನು ಆರಂಭಿಸಿದ್ದು ಒಂದೇ ಯೋಚನೆಯಿಂದ: ಸಾಲ ಕೇಳುವವನನ್ನು ಬಲ್ಲವರೇ ಸಾಲ ಕೊಡುವವರಾಗಿರಲಿ. ಬಲ್ಲವರು ಮನೆಯನ್ನಲ್ಲ, ಮನುಷ್ಯನ ದುಡಿಮೆಯನ್ನು ತೂಗುತ್ತಾರೆ. ಮಗ್ಗ ಈ ತಿಂಗಳು ನಿಂತಿತ್ತು ಎಂಬುದು ಅವರಿಗೆ ಕಾಗದವಿಲ್ಲದೆ ಗೊತ್ತಾಗುತ್ತದೆ. ಎಲ್ಲ ಸಹಕಾರಿ ಸಂಘಗಳೂ ಹಾಗೇ ಉಳಿದಿವೆ ಎಂದು ನಾವು ಹೇಳುತ್ತಿಲ್ಲ. ಠೇವಣಿದಾರರು ಬೀದಿಗೆ ಬಂದ ಉದಾಹರಣೆ ಎರಡೂ ಕಡೆ ಇವೆ. ಆದರೂ ಕಿರು ಕ್ರೈಸ್ತ ಸಮುದಾಯದ ವಾರ್ಡ್ ಸಭೆಯಲ್ಲಿ ಒಮ್ಮೆ "ಯಾರ ಮನೆ ಪತ್ರ ಎಲ್ಲಿದೆ?" ಎಂಬ ಮಾತು ಎತ್ತಿ ನೋಡಿ. ಕೇಳಲು ಕಷ್ಟದ ಪ್ರಶ್ನೆ, ನಿಜ. ನೋಟಿಸು ಬಂದ ಮೇಲೆ ಕೇಳುವುದು ಇನ್ನೂ ಕಷ್ಟ.

ಕೊನೆಯದಾಗಿ, ಸಾಲ ತೀರಿಸಿದವರಿಗೆ. ಕೊನೆಯ ಕಂತು ಕಟ್ಟಿದ ಸಂತೋಷದಲ್ಲಿ ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಮರಳಿಸದಿದ್ದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಪತ್ರ ಬಂದ ಮೇಲೆ ಬಾಕಿಯಿಲ್ಲ ಎಂಬ ಪತ್ರವನ್ನೂ ಪಡೆಯಿರಿ. ಅಡವು ನೋಂದಣಿಯಾಗಿದ್ದರೆ ಅದರ ಬಿಡುಗಡೆ ಪತ್ರವನ್ನೂ ನೋಂದಾಯಿಸಿ, ಹೊಸ ಋಣಭಾರ ಪತ್ರ ತೆಗೆಸಿ ನೋಡಿರಿ. ಉತ್ತರ ಕರ್ನಾಟಕದಲ್ಲಿ ಉತಾರದ ಮೇಲೆ 'ಬೋಜಾ' ಏರಿಸಿರುತ್ತಾರೆ. ಸಾಲ ತೀರಿ ಹತ್ತು ವರ್ಷವಾದರೂ ಆ ಬೋಜಾ ಇಳಿಸದೇ ಬಿಟ್ಟು, ಮಕ್ಕಳು ಪಾಲು ಮಾಡಿಕೊಳ್ಳುವ ದಿನ ಅದು ಎದುರಾಗುತ್ತದೆ. ಆ ಹೊತ್ತಿಗೆ ಸಾಲ ಕೊಟ್ಟ ಸೊಸೈಟಿಯೇ ಮುಚ್ಚಿಹೋಗಿರುತ್ತದೆ, ಇಳಿಸಿಕೊಡುವವರು ಯಾರೂ ಇರುವುದಿಲ್ಲ.